ವೆನಿಸ್‌ನಲ್ಲಿ ದೋಣಿ ಬುಕ್ ಮಾಡುವ ಮುಂಚೆ ನೀರು ಎಷ್ಟಿದೆ ಕೇಳಿ

ಮೈಸೂರು, ಮಂಡ್ಯ ಕಡೆಯ ಮನೆಯವರಿಗೆ ಯೂರೋಪ್ ಪ್ರವಾಸ ಹೊಂದಿಸಿಕೊಡುವ ಡೆಸ್ಕ್‌ನಲ್ಲಿ ವೆನಿಸ್ ಮಾತು ಬಂತೆಂದರೆ ಎದುರಿನ ಕುರ್ಚಿಯಿಂದ ಬರುವ ಮೊದಲ ಪ್ರಶ್ನೆ, “ದೋಣಿಗೆ ಎಷ್ಟಾಗುತ್ತೆ ಸರ್?” ರೇಟು ಹೇಳುವುದು ಸುಲಭ. ಆದರೆ ಆ ಊರಿನಲ್ಲಿ ದೋಣಿ ಸುತ್ತಾಟ ಚೆನ್ನಾಗಿ ಆಗುವುದೂ ಕೆಡುವುದೂ ರೇಟಿನಿಂದಲ್ಲ. ಹತ್ತುವ ಹೊತ್ತಿಗೆ ಕಾಲುವೆಯಲ್ಲಿ ನೀರು ಎಷ್ಟಿದೆ ಎಂಬುದರಿಂದ. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದ್ದು ಇದು.

ನಾಲೆ ಅಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರ ಬೇರೆ. ವಿಶ್ವೇಶ್ವರಯ್ಯ ನಾಲೆಯಾಗಲಿ ವಿರಿಜಾ ನಾಲೆಯಾಗಲಿ, ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಟ್ಟು ಪದ್ಧತಿಯಲ್ಲಿ ಬಿಟ್ಟರೆ ಇದೆ, ನಿಲ್ಲಿಸಿದರೆ ಇಲ್ಲ. ವೆನಿಸ್‌ನ ಕಾಲುವೆಗೆ ತೂಬೂ ಇಲ್ಲ, ಇಳಿಜಾರೂ ಇಲ್ಲ. ಅದು ಸಮುದ್ರದ ಹಿನ್ನೀರಿನೊಳಗೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ನಡುವೆ ಉಳಿದ ಸಂದು. ಸುಮಾರು ಆರು ತಾಸು ನೀರು ಒಳಕ್ಕೆ ಬರುತ್ತದೆ, ಇನ್ನಾರು ತಾಸು ಹೊರಕ್ಕೆ ಹೋಗುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚೇ ಮುಂದೆ ಸರಿಯುತ್ತದೆ. ಹಾಗಾಗಿ ಸೋಮವಾರ ಹತ್ತು ಗಂಟೆಗೆ ಚೆನ್ನಾಗಿದ್ದ ದಾರಿ ಗುರುವಾರ ಅದೇ ಹತ್ತಕ್ಕೆ ಹಾಗೇ ಇರುತ್ತದೆಂದು ಹೇಳಲಾಗದು.

ನೀರು ಏರಿದರೆ ಆಗುವ ತೊಂದರೆ ಸೇತುವೆಯದು. ಒಳಗಾಲುವೆಗಳ ಮೇಲೆ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹಳಷ್ಟು ತೀರಾ ತಗ್ಗು. ಕ್ಯಾಬಿನ್ ಇರುವ ಮೋಟಾರು ದೋಣಿ ಏರಿದ ನೀರಿನಲ್ಲಿ ಅವುಗಳ ಕೆಳಗೆ ನುಸುಳಲಾರದು. ಚಾಲಕ ಸುತ್ತುದಾರಿ ಹಿಡಿಯುತ್ತಾನೆ. ನೀವು ಒಂದು ತಾಸಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಹೊರಗಿನ ಬಯಲು ನೀರಿನಲ್ಲೇ ಕಳೆದುಹೋಗುತ್ತದೆ. ನೀರು ಇಳಿದರೆ ಇನ್ನೊಂದು ಪಾಡು. ಸಣ್ಣ ಕಾಲುವೆಗಳ ಆಳ ಸಾಮಾನ್ಯ ದಿನದಲ್ಲೇ ಒಂದೂವರೆ ಎರಡು ಮೀಟರ್. 2023ರ ಫೆಬ್ರುವರಿಯಲ್ಲಿ ವಾಯುಭಾರ ಹೆಚ್ಚಾಗಿ, ಅಮಾವಾಸ್ಯೆಯ ಇಳಿತವೂ ಸೇರಿ, ಕೆಲವು ಕಾಲುವೆಗಳಲ್ಲಿ ಹುಟ್ಟು ಹಾಕಿ ನಡೆಸುವ ಅಲ್ಲಿನ ಉದ್ದ ದೋಣಿಗಳು, ಅಂದರೆ ಗೊಂಡೋಲಾಗಳು, ಕೆಸರಿನ ಮೇಲೆ ಕೂತುಬಿಟ್ಟಿದ್ದವು. ಚಳಿಗಾಲದ ಕೊನೆಗೆ ಕಳಿಸುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಅಂದಾಜಿಗೆ ನಮ್ಮ ಮನೆಯ ಗೋಡೆ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ದೊಡ್ಡದು. ಅಷ್ಟಮಿಯ ಆಸುಪಾಸು ಚಿಕ್ಕದು. ತಾರೀಕು ಆರಿಸಿಕೊಳ್ಳುವ ಅವಕಾಶವಿದ್ದರೆ ವೆನಿಸ್ ದಿನವನ್ನು ಅಷ್ಟಮಿಯ ಹತ್ತಿರಕ್ಕೆ ತಳ್ಳಿ. ಅಷ್ಟಮಿ ದಿನ ಹೊರಡುವುದಕ್ಕೆ ಹಿರಿಯರು ಒಪ್ಪದಿರಬಹುದು, ಆದರೆ ಆ ದಿನ ದೋಣಿ ಹತ್ತಲು ಅಡ್ಡಿ ಮಾಡುವುದಿಲ್ಲ. ಹೊರಡುವ ಎರಡು ಮೂರು ದಿನ ಮುಂಚೆ ವೆನಿಸ್ ನಗರಾಡಳಿತದ ಉಬ್ಬರ ಕೇಂದ್ರ ಹೊರಡಿಸುವ ಮುನ್ಸೂಚನೆ ನೋಡಿ. ಅದರಲ್ಲಿರುವ ಸೆಂಟಿಮೀಟರ್ ಲೆಕ್ಕದ ಸೊನ್ನೆ 1897ರ ಸಮುದ್ರಮಟ್ಟದ್ದು; ಈಗಿನ ಸರಾಸರಿ ನೀರೇ ಅದಕ್ಕಿಂತ ಸುಮಾರು 30 ಸೆಂ.ಮೀ. ಮೇಲಿದೆ. ಇದು ಗೊತ್ತಿಲ್ಲದವರು ‘30’ ಎಂದು ಕಂಡ ಕೂಡಲೇ ಪ್ರವಾಹವೆಂದು ಗಾಬರಿಯಾಗುತ್ತಾರೆ. 30 ಅಂದರೆ ಮಾಮೂಲು ನೀರು. 80 ದಾಟಿದರೆ ಸಾನ್ ಮಾರ್ಕೊ ಚೌಕದ ತಗ್ಗಿನಲ್ಲಿ ನೀರು ಕಾಣಿಸಿಕೊಳ್ಳುತ್ತದೆ.

“ಈಗ ಗೇಟು ಹಾಕಿದ್ದಾರಲ್ಲ?” ಎಂದು ಕೆ.ಆರ್.ಎಸ್. ನೋಡಿ ಬೆಳೆದವರು ಕೇಳೇ ಕೇಳುತ್ತಾರೆ. ಹಾಕಿದ್ದಾರೆ. ಹಿನ್ನೀರಿಗೆ ಸಮುದ್ರ ಸೇರುವ ಮೂರು ಬಾಯಿಗಳಲ್ಲಿ ಒಟ್ಟು 78 ಗೇಟುಗಳು ನೀರಿನ ತಳದಲ್ಲಿ ಮಲಗಿರುತ್ತವೆ. ಒಳಕ್ಕೆ ಗಾಳಿ ತುಂಬಿದಾಗ ತೇಲಿ ಮೇಲೇಳುತ್ತವೆ. ಪ್ರವಾಹ ತಡೆಯಲು ಮೊದಲ ಸಲ ಏರಿಸಿದ್ದು 2020ರ ಅಕ್ಟೋಬರ್ 3ರಂದು. ಆದರೆ ಅವುಗಳನ್ನು ಏರಿಸುವುದು ನೀರು 110 ಸೆಂ.ಮೀ. ಮುಟ್ಟುವ ಮುನ್ಸೂಚನೆ ಇದ್ದಾಗ. 80ಕ್ಕೂ 110ಕ್ಕೂ ನಡುವೆ ಬಂದ ನೀರು ಊರಿಗೆ ಬಂದೇ ಬರುತ್ತದೆ. ದಸರಾ ರಜೆಗೆ ಹೋಗುವವರಿಗೆ ಇದು ಮುಖ್ಯ, ಯಾಕೆಂದರೆ ಏರುನೀರಿನ ಕಾಲ ಶುರುವಾಗುವುದೇ ಅಕ್ಟೋಬರ್ ಹೊತ್ತಿಗೆ. ಏಪ್ರಿಲ್, ಮೇ ರಜೆಯವರಿಗೆ ಈ ಚಿಂತೆ ಕಡಿಮೆ.

ಇನ್ನು ದೋಣಿ. ಗೊಂಡೋಲಾ ಬಾಡಿಗೆಯನ್ನು ನಗರಾಡಳಿತವೇ ಗೊತ್ತುಮಾಡಿದೆ: 2023ರ ನವೆಂಬರ್‌ನಿಂದ ಬೆಳಗ್ಗೆ 9ರಿಂದ ಸಂಜೆ 7ರವರೆಗೆ 30 ನಿಮಿಷಕ್ಕೆ 90 ಯೂರೋ, 7ರ ನಂತರ 35 ನಿಮಿಷಕ್ಕೆ 110 ಯೂರೋ. ಇದು ಇಡೀ ದೋಣಿಗೆ, ತಲೆಗೆ ಅಲ್ಲ. ಚೌಕಾಸಿ ನಡೆಯುವುದಿಲ್ಲ. ಒಂದು ದೋಣಿಗೆ ಐದೇ ಜನ. ಮೊದಲು ಆರು ಜನ ಹತ್ತುತ್ತಿದ್ದರು, 2020ರಲ್ಲಿ ಇಳಿಸಿದರು. ಹಳೆಯ ಕರಪತ್ರ ನೋಡಿ ಆರು ಜನರ ಮನೆಗೆ ಒಂದೇ ದೋಣಿ ಬರೆದರೆ ಕಟ್ಟೆಯ ಮೇಲೆ ಜಗಳ ಖಂಡಿತ.

ಅದಕ್ಕಿಂತ ಹೆಚ್ಚು ಸಲ ಆಗುವ ತಪ್ಪು ಗೈಡ್ ವಿಷಯದಲ್ಲಿ. ರಂಗನತಿಟ್ಟಿನಲ್ಲಿ ಹುಟ್ಟು ಹಾಕುವವರೇ ಮೊಸಳೆ ತೋರಿಸಿ, ಕೊಕ್ಕರೆ ಹೆಸರು ಹೇಳುತ್ತಾರೆ. ವೆನಿಸ್‌ನಲ್ಲೂ ಹಾಗೇ ಎಂದುಕೊಂಡು ಹೋಗುತ್ತಾರೆ. ಗೊಂಡೋಲಾದ ಅಂಬಿಗ ಗೈಡ್ ಅಲ್ಲ. ಹಾಡುವುದೂ ಅವನ ಕೆಲಸವಲ್ಲ. ಹಾಡುಗಾರರಿಗೆ ಬೇರೆ ದುಡ್ಡು. ವಿವರಣೆ ಬೇಕಿದ್ದರೆ ಪರವಾನಗಿ ಇರುವ ಗೈಡನ್ನು ಬೇರೆ ಗೊತ್ತುಮಾಡಬೇಕು, ಆ ಗೈಡ್ ದೋಣಿಯಲ್ಲಿ ಒಂದು ಸೀಟು ಹಿಡಿಯುತ್ತಾರೆ. ಅಂದರೆ ಗೈಡ್ ಸಮೇತ ಗೊಂಡೋಲಾ ಎಂದರೆ ಮನೆಯವರು ನಾಲ್ಕೇ ಜನ. ಐದು ಜನರ ಮನೆಯಾದರೆ ಎರಡನೇ ದೋಣಿ, ಇನ್ನೊಂದು 90 ಯೂರೋ. ಆ ಎರಡನೇ ದೋಣಿಗೆ ಗೈಡ್ ಮಾತು ಕೇಳುವುದೂ ಇಲ್ಲ. ವೋಚರ್‌ನಲ್ಲಿ ‘ಪ್ರೈವೇಟ್, ಗೈಡ್ ಸಹಿತ’ ಎಂದಿದ್ದರೆ ಗೈಡ್ ದೋಣಿಯೊಳಗೆ ಕೂರುತ್ತಾರೋ, ಕಟ್ಟೆಯವರೆಗೆ ಬಂದು ಹತ್ತಿಸಿ ನಿಲ್ಲುತ್ತಾರೋ ಎಂದು ಬರಹದಲ್ಲೇ ತರಿಸಿಕೊಳ್ಳಿ.

ನನ್ನ ಅಭಿಪ್ರಾಯ ಸ್ಪಷ್ಟ: ದೊಡ್ಡ ಕಾಲುವೆಯನ್ನು ಗೊಂಡೋಲಾದಲ್ಲಿ ನೋಡಬೇಡಿ. ಎಸ್ ಆಕಾರದ ಆ ಕಾಲುವೆ ಸುಮಾರು 3.8 ಕಿ.ಮೀ. ಉದ್ದ, ಅರ್ಧ ತಾಸಿನಲ್ಲಿ ಅದರ ಒಂದು ತುಣುಕೂ ಮುಗಿಯುವುದಿಲ್ಲ, ಮೋಟಾರು ದೋಣಿಗಳ ಅಲೆಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಊರಿನ ಜನ ಓಡಾಡುವ ನೀರಿನ ಬಸ್ಸು, ವಾಪೊರೆತ್ತೊ ಇದೆ. 1ನೇ ನಂಬರಿನದು ಊರ ಬಾಗಿಲಿನ ಬಸ್ ನಿಲ್ದಾಣವಾದ ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊವರೆಗೆ ಮುಕ್ಕಾಲು ತಾಸು ನಿಧಾನವಾಗಿ ಹೋಗುತ್ತದೆ. ಬಿಡಿ ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. ವೀಲ್‌ಚೇರ್ ಇರುವವರಿಗೂ ಇದೇ ಸಲೀಸು. ರಿಯಾಲ್ಟೊ ಸೇತುವೆ, ಕಾ ದೋರೊ ಅರಮನೆ, ಸಲೂತೆ ಚರ್ಚು ಎಲ್ಲ ಇದರಲ್ಲೇ ಸಿಗುತ್ತವೆ. ಗೈಡ್ ಜೊತೆ ಇದನ್ನು ಮುಗಿಸಿ, ಗೊಂಡೋಲಾದ ಅರ್ಧ ತಾಸನ್ನು ಪೂರ್ತಿ ಒಳಗಾಲುವೆಗಳಿಗೆ ಇಡಿ. ಹತ್ತುವ ಜಾಗ ಸಾನ್ ಮಾರ್ಕೊ ಹಿಂದಿನ ಓರ್ಸೆಯೊಲೊ ಕೊಳವಾದರೆ ಮಧ್ಯಾಹ್ನದ ಹೊತ್ತು ದೋಣಿಗೆ ದೋಣಿ ತಾಗಿಕೊಂಡು ನಿಂತಿರುತ್ತದೆ. ಸಾನ್ ತೊಮಾ ಅಥವಾ ಸಾಂತಾ ಮರಿಯಾ ದೆಲ್ ಜೀಲ್ಯೊ ಕಟ್ಟೆ ವಾಸಿ.

ಮುಸ್ಸಂಜೆ ಬೆಳಕು ಬೇಕೆನ್ನುವವರಿಗೆ ಒಂದು ಲೆಕ್ಕ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತರ ಹತ್ತಿರ, ಅದು 110ರ ರೇಟು. ಅಕ್ಟೋಬರ್ ಮೊದಲರ್ಧದಲ್ಲಿ ಆರೂವರೆ ಸುಮಾರಿಗೇ ಮುಳುಗುತ್ತಾನೆ. ಆರು ಗಂಟೆಗೆ ಹತ್ತಿಸಿದರೆ ಅದೇ ಬೆಳಕು 90 ಯೂರೋಗೆ ಸಿಗುತ್ತದೆ.

ಹತ್ತುವುದನ್ನು ಮನೆಯಲ್ಲಿ ಹೊರಡುವ ಮುಂಚೆಯೇ ಹೇಳಿಕೊಡಬೇಕು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕೆಳಗಿನ ಮೆಟ್ಟಿಲು ಹೇಗೆ ಜಾರುತ್ತದೋ ಇಲ್ಲೂ ಹಾಗೇ. ನೀರು ಇಳಿದ ಹೊತ್ತಿನಲ್ಲಿ ಹಸಿರು ಪಾಚಿಯ ಮೆಟ್ಟಿಲುಗಳು ಹೊರಬೀಳುತ್ತವೆ, ನೋಡಲು ಒಣಗಿದಂತೆಯೇ ಕಾಣುತ್ತವೆ. ಹಸಿರು ಇರುವಲ್ಲಿ ಕಾಲಿಡಬಾರದು. ತೊಗಲಿನ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ಅಟ್ಟೆಯ ಸ್ಯಾಂಡಲ್ ಇರಲಿ. ಸೀರೆ ಉಟ್ಟವರು ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಬಿಗನ ಬೆರಳನ್ನಲ್ಲ, ಮುಂಗೈಯನ್ನು ಹಿಡಿಯಬೇಕು. “ಅಜ್ಜಿ, ಅಂಚಿಗೆ ಕಾಲಿಡಬೇಡಿ, ನಡುಮಧ್ಯಕ್ಕಿಡಿ, ಇಟ್ಟ ಕೂಡಲೇ ಕೂತುಬಿಡಿ” ಎಂದು ಇಲ್ಲೇ ನಾಲ್ಕು ಸಲ ಹೇಳಿಸಿದರೆ ಅಲ್ಲಿ ನೆನಪಾಗುತ್ತದೆ.

ಕೂರುವ ಜಾಗ ಅಂಬಿಗ ಹೇಳಿದ್ದೇ ಆಗಬೇಕು, ಅದಕ್ಕೆ ಕಾರಣವಿದೆ. ಗೊಂಡೋಲಾ ಸುಮಾರು 11 ಮೀಟರ್ ಉದ್ದ, ಎಂಟು ಬಗೆಯ ಮರದ 280 ತುಂಡು ಸೇರಿಸಿ ಮಾಡಿದ್ದು, ತಳ ಚಪ್ಪಟೆ. ಮೇಲಿಂದ ನೋಡಿದರೆ ನೆಟ್ಟಗಿಲ್ಲ: ಎಡಭಾಗ ಬಲಭಾಗಕ್ಕಿಂತ 24 ಸೆಂ.ಮೀ. ಅಗಲ. ಅಂಬಿಗ ಹಿಂದೆ ಎಡಕ್ಕೆ ನಿಂತು ಬಲಗಡೆ ಒಂದೇ ಹುಟ್ಟು ಹಾಕುತ್ತಾನೆ. ಎರಡೂ ಕಡೆ ಸಮವಿದ್ದಿದ್ದರೆ ನಮ್ಮ ಹರಿಗೋಲಿನ ಹಾಗೆ ಸುತ್ತುತ್ತಿತ್ತು. ಅವನ ಭಾರ, ಹುಟ್ಟಿನ ಒತ್ತು, ಕೂತವರ ಭಾರ ಮೂರೂ ಸೇರಿ ತೂಗಿದರೆ ಮಾತ್ರ ದೋಣಿ ನೆಟ್ಟಗೆ ಹೋಗುವುದು. ದಪ್ಪಗಿರುವವರನ್ನು ಅವನು ಜಾಗ ಬದಲಿಸಲು ಹೇಳಿದರೆ ಅವಮಾನವೆಂದುಕೊಳ್ಳಬೇಡಿ. ನಡುವೆ ಎದ್ದು ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ. 2023ರ ಡಿಸೆಂಬರ್‌ನಲ್ಲಿ ಹೀಗೆ ಹೇಳಿದ ಮಾತು ಕೇಳದೆ ಫೋಟೊಗೆ ಎದ್ದ ಪ್ರವಾಸಿಗಳು ಸೇತುವೆ ಹತ್ತಿರ ದೋಣಿ ಸಮೇತ ತಣ್ಣೀರಿಗೆ ಬಿದ್ದರು. ತಿರುವಿನಲ್ಲಿ ಅಂಬಿಗ “ಓಯ್!” ಎಂದು ಕೂಗುತ್ತಾನೆ, ಥೇಟ್ ನಮ್ಮ ಕೂಗೇ. ಅದು ಎದುರು ದೋಣಿಗೆ ಎಚ್ಚರಿಕೆ. ಆಗ ಕೈ ಒಳಗಿರಲಿ, ಗೋಡೆ ಒಂದು ಗೇಣಿನಾಚೆಗೇ ಸರಿದುಹೋಗುತ್ತದೆ.

ಆ ಒಂದು ಗೇಣಿನ ಹತ್ತಿರವೇ ವೆನಿಸ್ ಚೆನ್ನಾಗಿ ಕಾಣುವುದು. ಗೈಡ್ ಅರಮನೆಗಳ ಹೆಸರು ಪಟಪಟ ಹೇಳಿಕೊಂಡು ಹೋಗುವ ಬದಲು ಗೋಡೆ ತೋರಿಸಲಿ ಎಂದು ಕೇಳಿ. ನೀರಿನ ಗೆರೆಯಲ್ಲಿ ಬಿಳಿ ಇಸ್ಟ್ರಿಯಾ ಕಲ್ಲಿನ ಸಾಲು, ಅದರ ಮೇಲೆ ಇಟ್ಟಿಗೆ. ಆ ಕಲ್ಲು ನೀರು ಹೀರುವುದಿಲ್ಲ ಎಂದೇ ಕೆಳಗೆ ಕೂರಿಸಿದರು. ಕಲ್ಲಿನ ಮೇಲೆ ಪಾಚಿ ಒಂದು ಮಟ್ಟಕ್ಕೆ ಗೆರೆ ಎಳೆದಂತೆ ನಿಂತಿರುತ್ತದೆ. ಮಾಮೂಲು ಉಬ್ಬರ ಎಲ್ಲಿಗೆ ಬರುತ್ತದೆ ಎಂಬುದರ ಗುರುತು ಅದು. ಹಿಂದಿನವರು ಅದೇ ಮಟ್ಟಕ್ಕೆ ಕೆಲವು ಕಡೆ ‘ಸಿ’ ಅಕ್ಷರ ಕೆತ್ತಿದ್ದರು. ಈಗ ಹಸಿರು ಗೆರೆ ಆ ಅಕ್ಷರವನ್ನು ನುಂಗಿ ಮೇಲೇರಿದೆ: ಸಮುದ್ರ ಏರಿದೆ, ಊರು ಕುಸಿದಿದೆ. ನೀರು ಕಲ್ಲಿನ ಸಾಲು ದಾಟಿ ಇಟ್ಟಿಗೆಗೆ ತಾಗಿದಲ್ಲಿ ಉಪ್ಪು ಮೇಲಕ್ಕೇರಿ ಗಾರೆ ಹಪ್ಪಳದ ಹಾಗೆ ಎದ್ದು ಉದುರುತ್ತಿರುತ್ತದೆ. ದೋಣಿ ಜೋರಾಗಿ ಹೋದರೆ ಅಲೆ ಬಡಿದು ಇದೇ ಗೋಡೆ ಇನ್ನಷ್ಟು ಸವೆಯುತ್ತದೆ; ಸಣ್ಣ ಕಾಲುವೆಯಲ್ಲಿ ಗಂಟೆಗೆ 5 ಕಿ.ಮೀ. ಮಿತಿ ಇಟ್ಟಿರುವುದು ಅದಕ್ಕೇ. “ಸ್ವಲ್ಪ ಬೇಗ ಹೋಗಪ್ಪ” ಎಂದು ಚಾಲಕನನ್ನು ಅವಸರಪಡಿಸಬಾರದು.

ಬುನಾದಿ ಮರದ್ದು ಎಂದರೆ ಮಂಡ್ಯದವರು ನಂಬುವುದಿಲ್ಲ, ಗದ್ದೆ ಬದುವಿನಲ್ಲಿ ಗೂಟ ಎಷ್ಟು ಬೇಗ ಲಡ್ಡಾಗುತ್ತದೆ ಎಂದು ಅವರಿಗೆ ಗೊತ್ತು. ಗೂಟ ಕೊಳೆಯುವುದು ನೀರು ಮತ್ತು ಗಾಳಿ ಎರಡೂ ತಾಗುವಲ್ಲಿ. ವೆನಿಸ್‌ನ ಗೂಟಗಳು ಪೂರ್ತಿ ಕೆಸರೊಳಗೆ ಹೂತಿವೆ, ಗಾಳಿ ಸೋಕುವುದಿಲ್ಲ, ಹಾಗಾಗಿ ನೂರಾರು ವರ್ಷ ತಡೆದಿವೆ. 1630ರ ಪ್ಲೇಗ್ ನಂತರ ಹರಕೆಯಾಗಿ ಕಟ್ಟಲು ತೊಡಗಿದ ಸಲೂತೆ ಚರ್ಚಿನ ಕೆಳಗೆ ಹತ್ತು ಲಕ್ಷಕ್ಕೂ ಮೀರಿ ಗೂಟ ಹೊಡೆದಿದ್ದಾರೆಂಬ ಲೆಕ್ಕವಿದೆ. ವಾಪೊರೆತ್ತೊ ಆ ಚರ್ಚಿನ ಮುಂದೆ ಹಾಯುವಾಗ ಗೈಡ್‌ಗೆ ಇದನ್ನು ಹೇಳಲು ಎರಡು ನಿಮಿಷ ಬಿಡಿ.

ಉಳಿದದ್ದು ಚಿಲ್ಲರೆ, ಆದರೂ ಮರೆಯಬಾರದು. ಗುಂಪು ಪ್ರವಾಸದ ಬಸ್ಸು ಊರಂಚಿನ ಪಾರ್ಕಿಂಗ್ ದ್ವೀಪ ತ್ರೊನ್ಕೆತ್ತೊವರೆಗೆ ಮಾತ್ರ. ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ನಿಗದಿಯಾದ ದಿನಗಳಲ್ಲಿ ಪ್ರವೇಶ ಶುಲ್ಕವಿದೆ, 2024ರಲ್ಲಿ 5 ಯೂರೋಗೆ ಶುರುವಾದದ್ದು. 2025ರಿಂದ ತಡವಾಗಿ ಕಟ್ಟಿದವರಿಗೆ 10. ಹಿನ್ನೀರಿನ ಈಚೆ ದಡದ ಮೆಸ್ತ್ರೆಯ ಹೋಟೆಲ್ಲೂ ವೆನಿಸ್ ನಗರಾಡಳಿತದೊಳಗೇ ಬರುವುದರಿಂದ ಅಲ್ಲಿ ಉಳಿದವರಿಗೆ ಶುಲ್ಕವಿಲ್ಲ, ಆದರೆ ವಿನಾಯಿತಿಯನ್ನು ಮೊದಲೇ ನೋಂದಾಯಿಸಿ ಅದರ ಕೋಡ್ ಇಟ್ಟುಕೊಂಡಿರಬೇಕು. ಗೈಡ್ ಜೊತೆಯ ಗುಂಪು 25 ಜನ ಮೀರುವಂತಿಲ್ಲ, ಧ್ವನಿವರ್ಧಕ ನಿಷೇಧ. ಕಿವಿಗೆ ಹಾಕುವ ಸಾಧನ ಗೈಡ್ ಕಡೆಯಿಂದಲೇ ತರಿಸಿ. ಗೊಂಡೋಲಾದಲ್ಲಿ ಶೌಚಾಲಯವಿಲ್ಲ, ಸಾರ್ವಜನಿಕ ಶೌಚಾಲಯಕ್ಕೆ ಒಂದೂವರೆ ಯೂರೋ ಚಿಲ್ಲರೆ ಜೇಬಿನಲ್ಲಿರಲಿ. ಕಟ್ಟಿಕೊಂಡು ಹೋದ ಪುಳಿಯೋಗರೆ ಡಬ್ಬಿಯನ್ನು ಸಾನ್ ಮಾರ್ಕೊ ಚೌಕದಲ್ಲಿ ನೆಲಕ್ಕೆ ಕೂತು ಬಿಚ್ಚಿದರೆ ದಂಡ ಬೀಳುತ್ತದೆ, ಪಾರಿವಾಳಕ್ಕೆ ಕಾಳು ಹಾಕಿದರೂ ಅಷ್ಟೇ.

ಕೊನೆಗೆ, ವೋಚರ್‌ನಲ್ಲಿ ‘ಸಾನ್ ಮಾರ್ಕೊ ಕಟ್ಟೆ’ ಎಂದಷ್ಟೇ ಬರೆದು ಕಳಿಸಬೇಡಿ. ಆ ಹೆಸರಿನ ಸುತ್ತ ವಾಪೊರೆತ್ತೊ ನಿಲ್ದಾಣ, ಟ್ಯಾಕ್ಸಿ ದೋಣಿಯ ಕಟ್ಟೆ, ಗೊಂಡೋಲಾ ಕಟ್ಟೆಗಳು ಒಂದಕ್ಕಿಂತ ಹೆಚ್ಚಿವೆ. ನಡುವೆ ಸೇತುವೆ ಮೆಟ್ಟಿಲು ಹತ್ತಿಳಿಯಬೇಕು, ಮಂಡಿನೋವಿನವರಿಗೆ ಕಾಲು ತಾಸು ಹಿಡಿಯುತ್ತದೆ. ಕಟ್ಟೆಯ ಪೂರ್ತಿ ಹೆಸರು, ಅದರ ಪಕ್ಕದ ಚರ್ಚು ಅಥವಾ ಸೇತುವೆ, ಹತ್ತುವ ಹೊತ್ತು, ಆ ಹೊತ್ತಿನ ನೀರಿನ ಮಟ್ಟ, ಈ ನಾಲ್ಕನ್ನೂ ಕನ್ನಡದಲ್ಲೇ ಬರೆದು ಮನೆಯ ಹಿರಿಯರ ಕೈಗೂ ಒಂದು ಪ್ರತಿ ಕೊಡಿ.