ನೀವು ಲಾಯರ್ ಅಲ್ಲವಲ್ಲ ಸಾರ್, ಮತ್ತೆ ಒಪ್ಪಂದ ಯಾಕೆ ಓದ್ತೀರಿ?

ಬಸ್ಸಲ್ಲಿ ಪಕ್ಕ ಕೂತವರಿಂದ ಹಿಡಿದು ನನ್ನ ಕ್ಲಾಸಿನ ಹುಡುಗರವರೆಗೆ ಎಲ್ಲರೂ ಕೇಳುವುದು ಇದನ್ನೇ. ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಪಿಎಚ್‌ಡಿ ಕಾಲದಿಂದ ಇವತ್ತಿನವರೆಗೂ ಕೂತು ಓದಿದ್ದು ಹೂಡಿಕೆ ಒಪ್ಪಂದಗಳನ್ನು. ಎರಡು ದೇಶಗಳು ಸಹಿ ಹಾಕುತ್ತವೆ, ಆಮೇಲೆ ಇನ್ನೊಂದು ದೇಶದ ಕಂಪನಿಗೆ ಇಲ್ಲಿ ಅನ್ಯಾಯವಾಯಿತು ಅನ್ನಿಸಿದರೆ ಅದು ನೇರವಾಗಿ ನಮ್ಮ ಸರ್ಕಾರವನ್ನೇ ಆರ್ಬಿಟ್ರೇಶನ್‌ಗೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡುವ ಕಡೆಗೆ, ಎಳೆಯಬಹುದು. ಇದು ಲಾಯರುಗಳ ಕೆಲಸ ಅಲ್ವಾ? ಅರ್ಧ ಹೌದು.

ಇನ್ನರ್ಧಕ್ಕೆ ಒಂದು ಕೇಸ್ ಹೇಳುತ್ತೇನೆ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಎಂಬ ಕಂಪನಿ 1989ರಲ್ಲಿ ಪಿಪರ್‌ವಾರ್ ಕಲ್ಲಿದ್ದಲು ಗಣಿಗಾಗಿ ಕೋಲ್ ಇಂಡಿಯಾ ಜೊತೆ ಕರಾರು ಮಾಡಿಕೊಂಡಿತು. ಜಗಳವಾಯಿತು. 2002ರಲ್ಲಿ ಆರ್ಬಿಟ್ರೇಶನ್‌ನಲ್ಲಿ ಕಂಪನಿಯೇ ಗೆದ್ದಿತು, ಆದರೆ ದುಡ್ಡು ಕೈಗೆ ಬರಲಿಲ್ಲ, ಕೇಸ್ ನಮ್ಮ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಅವರ ಲಾಯರುಗಳು ಭಾರತ-ಆಸ್ಟ್ರೇಲಿಯಾ ಒಪ್ಪಂದ ಬಿಚ್ಚಿದರು. ಬೇಕಾದ ಸಾಲು ಅದರಲ್ಲಿ ಇರಲಿಲ್ಲ! ಇದ್ದದ್ದು ಕುವೈತ್ ಜೊತೆಗಿನ ಒಪ್ಪಂದದಲ್ಲಿ: ಹೂಡಿಕೆದಾರ ತನ್ನ ಹಕ್ಕು ಕೇಳಿ ಪಡೆಯಲು ನಿಜವಾಗಿ ಕೆಲಸಕ್ಕೆ ಬರುವ ದಾರಿ ಇರಬೇಕು ಅಂತ. ಬೇರೆ ದೇಶದವರಿಗೆ ಕೊಟ್ಟ ಸವಲತ್ತನ್ನು ನಮಗೂ ಕೊಡಬೇಕು ಅನ್ನುವ ಷರತ್ತು ಆಸ್ಟ್ರೇಲಿಯಾದ್ದರಲ್ಲಿ ಇತ್ತಲ್ಲ, ಅದನ್ನು ಹಿಡಿದುಕೊಂಡು ಕುವೈತಿನ ಸಾಲನ್ನು ಕಡ ತಂದರು. 2011ರಲ್ಲಿ ಭಾರತ ಸರ್ಕಾರದ ವಿರುದ್ಧವೇ ಗೆದ್ದೂಬಿಟ್ಟರು.

ಹೀಗೆ ಕಡ ತರಬಹುದಾ ಅನ್ನುವುದು ಲಾಯರ್ ಪ್ರಶ್ನೆ. ಆ ಸಾಲು ಬರೆಯುವಾಗ ನಮ್ಮ ಕಡೆ ಕೂತಿದ್ದವರು ಯಾರು, ಅದಕ್ಕೆ ಮುಂದೆ ಎಷ್ಟು ತೆರಬೇಕಾದೀತು ಅಂತ ಅವರಿಗೆ ಗೊತ್ತಿತ್ತಾ ಅನ್ನುವುದು ನನ್ನದು. 1994ರಲ್ಲಿ ಬ್ರಿಟನ್‌ನಿಂದ ಶುರು ಮಾಡಿ ಭಾರತ 80ಕ್ಕೂ ಹೆಚ್ಚು ದೇಶಗಳ ಜೊತೆ ಸಹಿ ಹಾಕಿತು. ಸ್ನೇಹಕ್ಕೊಂದು ಗುರುತು ಅಂದುಕೊಂಡು ಸುಮ್ನೆ ಹಾಕಿದ ಸಹಿಗಳೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಆಮೇಲೆ ತೆರಿಗೆ ಜಗಳ ಹಿಡಿದುಕೊಂಡು ವೊಡಾಫೋನ್ ಬಂತು, ಕೇರ್ನ್ ಬಂತು. ನಮ್ಮ ಬೆಂಗಳೂರಿನದೇ ಬೇಕು ಅಂದರೆ, ಇಸ್ರೋದ ವ್ಯಾಪಾರದ ಅಂಗ ಆಂಟ್ರಿಕ್ಸ್ ಮತ್ತು ದೇವಾಸ್ ಎಂಬ ಖಾಸಗಿ ಕಂಪನಿಯ ನಡುವಿನ, 2011ರಲ್ಲಿ ರದ್ದಾದ ಉಪಗ್ರಹದ ಕರಾರು ಇದೆ. ಅದರ ಹೂಡಿಕೆದಾರರು ಬಂದದ್ದು ಮಾರಿಷಸ್ ಮತ್ತು ಜರ್ಮನಿಯ ಒಪ್ಪಂದ ಹಿಡಿದುಕೊಂಡು.

ಈ ದಾರಿಯಲ್ಲಿ ಕೆರಿಯರ್ ಕಟ್ಟುವುದು ಸುಲಭ ಅಂತ ಮಾತ್ರ ಹೇಳಲಾರೆ. ರಾಜ್ಯಶಾಸ್ತ್ರದ ಜರ್ನಲ್ಲಿಗೆ ಪೇಪರ್ ಕಳಿಸಿದರೆ ‘ಇದು ಕಾನೂನು’ ಅಂತ ವಾಪಸ್, ಕಾನೂನಿನವರಿಗೆ ಕಳಿಸಿದರೆ ‘ಇದು ರಾಜಕೀಯ’ ಅಂತ ವಾಪಸ್. ರಿಟೈರ್ ಆದ ಅಧಿಕಾರಿಗಳ ಮನೆಯಲ್ಲಿ ಕಾಫಿ ಕುಡಿದು, ಎರಡು ಗಂಟೆ ಹಳೇ ಕಥೆ ಕೇಳಿ, ಬೇಕಾದ ಒಂದು ಮಾತೂ ಸಿಗದೆ ಎದ್ದು ಬಂದದ್ದೂ ಇದೆ.

ಆದರೂ ಬಿಡುವ ಮನಸ್ಸಿಲ್ಲ. ಯಾಕೆಂದರೆ ನೋಡಿ, ವೈಟ್ ಕೇಸಲ್ಲಿ ನಾವು ಸೋತದ್ದೇ ಕೋರ್ಟು ತಡ ಮಾಡಿತು ಅಂತ. ಮುಂದಿನ ಒಪ್ಪಂದಗಳಿಗೆ ಅಚ್ಚಾಗಲಿ ಅಂತ ಭಾರತ 2015ರಲ್ಲಿ ತಂದ ಮಾದರಿ ಒಪ್ಪಂದ ಏನನ್ನುತ್ತದೆ? ಆರ್ಬಿಟ್ರೇಶನ್‌ಗೆ ಹೋಗುವ ಮೊದಲು ಅದೇ ಕೋರ್ಟುಗಳಲ್ಲಿ 5 ವರ್ಷ ಪ್ರಯತ್ನಿಸಿ ಅನ್ನುತ್ತದೆ. 2024ರಲ್ಲಿ ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ ಆ 5 ಹೋಗಿ 3 ಆಗಿದೆ. ಆ ಎರಡು ವರ್ಷ ಬಿಟ್ಟುಕೊಟ್ಟದ್ದು ಯಾರು, ಬದಲಿಗೆ ಏನು ಸಿಕ್ಕಿತು? ಸದ್ಯ ಅದನ್ನೇ ಕೆದಕುತ್ತಿದ್ದೇನೆ.