20 ಬೈಟಿನ ಬ್ಯಾಕಪ್

ನನ್ನ ಸೋದರಮಾವ ತಿಕೋಟಾದಲ್ಲಿ ಮಣೂಕದ ವ್ಯಾಪಾರ ಮಾಡುತ್ತಾರೆ. ಸುತ್ತಲಿನ ರೈತರು ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ, ಆರಿಸಿ, 15 ಕಿಲೋದ ಬಾಕ್ಸುಗಳಲ್ಲಿ ತುಂಬಿ ತಂದ ಮಾಲು ಅವರ ಗೋದಾಮಿಗೆ ಬರುತ್ತದೆ. ಯಾರ ಬಾಕ್ಸು ಎಷ್ಟು, ಅದರಲ್ಲಿ ಕೋಲ್ಡ್ ಸ್ಟೋರೇಜಿಗೆ ಹೋದದ್ದೆಷ್ಟು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬ ಲೆಕ್ಕಕ್ಕಾಗಿ ನಾನು ಒಂದು ಸಣ್ಣ ತಂತ್ರಾಂಶವನ್ನು ಬರೆದುಕೊಟ್ಟಿದ್ದೆ. ಅದು ಓಡುವುದು ವಿಜಯಪುರದ ನಮ್ಮ ಮನೆಯಲ್ಲಿ, ಯಾವುದೋ ಕಚೇರಿಯವರು ಮಾರಿದ ಹಳೆಯ ಡೆಸ್ಕ್‌ಟಾಪಿನ ಮೇಲೆ. ಎಂಟು ಜಿಬಿ ಮೆಮೊರಿ, 120 ಜಿಬಿಯ ಎಸ್‌ಎಸ್‌ಡಿ, ಉಬುಂಟು 22.04 ಎಂಬ ಲಿನಕ್ಸ್, ಪ್ರೋಗ್ರಾಮುಗಳನ್ನು ಕಂಟೇನರುಗಳೆಂಬ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್, ಅದರೊಳಗೆ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್. ಕ್ಲೌಡಿನ ತಿಂಗಳ ಬಾಡಿಗೆ ಉಳಿಯುತ್ತದೆ ಎಂದು ಮಾವನಿಗೆ ಹೇಳಿದ್ದೆನಾದರೂ, ಮನೆಯಲ್ಲೊಂದು ಸರ್ವರ್ ಇರಬೇಕೆಂಬ ನನ್ನ ಹುಚ್ಚು ಅದಕ್ಕಿಂತ ದೊಡ್ಡ ಕಾರಣವಾಗಿತ್ತು.

2024ರ ಮೇ ತಿಂಗಳ ಒಂದು ಸಂಜೆ ಗಾಳಿಯೊಂದಿಗೆ ಅಡ್ಡಮಳೆ ಬಂತು. ನಮ್ಮ ಓಣಿಯಲ್ಲಿ ಬೇವಿನ ಕೊಂಬೆಯೊಂದು ಮುರಿದು ಬಿದ್ದು ಕರೆಂಟು ಹೋಯಿತು, ಜೊತೆಗೆ ಇಂಟರ್‌ನೆಟ್ಟಿನ ಕೇಬಲ್ಲೂ ಹರಿಯಿತು. ಇನ್ವರ್ಟರ್ ಇದ್ದುದರಿಂದ ಸರ್ವರ್ ಆರಲಿಲ್ಲ. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿಡದಿದ್ದರೆ ಕರೆಂಟು ಹೋಗುವ ಮತ್ತು ಬ್ಯಾಟರಿ ಹಿಡಿಯುವ ನಡುವಿನ ಸಂದಿನಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು ಎಂಬುದನ್ನು ಹಿಂದಿನ ಬೇಸಿಗೆಯಲ್ಲಿಯೇ ಕಲಿತು, ಹಾಗೆಯೇ ಮಾಡಿದ್ದೆ. ಒಂದು ತಾಸಿನಲ್ಲಿ ಕರೆಂಟು ಬಂತು, ಇಂಟರ್‌ನೆಟ್ಟು ಬರಲಿಲ್ಲ. ಸರ್ವರಿನ ದೀಪ ಹಸಿರಾಗಿಯೇ ಇದ್ದುದರಿಂದ ನಾನು ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಹತ್ತು ಗಂಟೆಗೆ ಕೇಬಲ್ ಜೋಡಿಸಿದ ಸ್ವಲ್ಪ ಹೊತ್ತಿಗೆ ಮಾವನ ಫೋನು ಬಂತು. “ಯಾಕೋ ಅಳಿಯಾ, ನಿನ್ನ ಸಾಫ್ಟ್‌ವೇರು ತೆರಿಯಾಕ ಒಲ್ಲದು ನೋಡು. ಇಲ್ಲಿ ನಾಕು ಮಂದಿ ರೈತರು ಬಂದು ಕುಂತಾರ.”

ಪೋಸ್ಟ್‌ಗ್ರೆಸ್ ನಿಂತುಹೋಗಿತ್ತು. ಡಿಸ್ಕಿನಲ್ಲಿ ಜಾಗವಿಲ್ಲ ಎಂಬುದು ಅದರ ಕೊನೆಯ ಮಾತಾಗಿತ್ತು. ನಿನ್ನೆ ಅರ್ಧ ಖಾಲಿಯಿದ್ದ ಡಿಸ್ಕು ರಾತ್ರೋರಾತ್ರಿ ತುಂಬಿದ್ದು ಹೇಗೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು, ಪ್ರೋಗ್ರಾಮುಗಳು ಹೇಳಿದ್ದನ್ನೆಲ್ಲ ಡಾಕರ್ ಬರೆದಿಟ್ಟುಕೊಳ್ಳುವ ಲಾಗ್ ಫೈಲು. ಅದೊಂದೇ 50 ಜಿಬಿಗಿಂತ ಮೇಲಿತ್ತು. ರೈತರ ಮೊಬೈಲಿಗೆ ಸಂದೇಶ ಕಳಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದಿದ್ದೆ. ಸಂದೇಶ ಹೋಗದಿದ್ದರೆ ಅದು ಮತ್ತೆ ಪ್ರಯತ್ನಿಸುತ್ತಿತ್ತು, ಆದರೆ ಎರಡು ಪ್ರಯತ್ನಗಳ ನಡುವೆ ಕಾಯಬೇಕೆಂಬುದನ್ನು ನಾನು ಬರೆದಿರಲಿಲ್ಲ. ಇಂಟರ್‌ನೆಟ್ಟು ಇಲ್ಲದ ಇಡೀ ರಾತ್ರಿ ಅದು ಸೆಕೆಂಡಿಗೆ ನೂರಾರು ಸಲ ಸೋತು, ಪ್ರತಿ ಸೋಲಿಗೂ ಒಂದು ಪುಟದಷ್ಟು ದೂರನ್ನು ಲಾಗಿಗೆ ಸುರಿದಿತ್ತು. ಡಾಕರ್ ಆ ಲಾಗಿಗೆ ತಾನಾಗಿ ಯಾವ ಮಿತಿಯನ್ನೂ ಹಾಕುವುದಿಲ್ಲ. ಸರ್ವರ್ ಆರದಂತೆ ನೋಡಿಕೊಂಡ ಇನ್ವರ್ಟರೇ ಈ ಕೆಲಸಕ್ಕೆ ನೆರವಾಗಿತ್ತು ಎನ್ನಬೇಕು.

ಆ ಫೈಲನ್ನು ಅಳಿಸಿಬಿಡೋಣ ಎಂದು ಕೈ ಮುಂದೆ ಹೋಯಿತು. ಆದರೆ ಲಿನಕ್ಸಿನಲ್ಲಿ ಯಾವುದಾದರೂ ಪ್ರೋಗ್ರಾಮು ತೆರೆದು ಹಿಡಿದುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಅದನ್ನು ಹಿಡಿದವರು ಬಿಡುವವರೆಗೆ ಜಾಗ ಮರಳಿ ಸಿಗುವುದಿಲ್ಲ. ಅದಕ್ಕೆ ಸರಿಯಾದದ್ದು ಟ್ರಂಕೇಟ್ ಎಂಬ ಆಜ್ಞೆ, ಫೈಲನ್ನು ಇದ್ದಲ್ಲಿಯೇ ಸೊನ್ನೆಗೆ ಇಳಿಸುವುದು. ಇನ್ನೂ ಅಪಾಯಕಾರಿಯಾದ ಆಸೆಯೊಂದಿತ್ತು. ಡೇಟಾಬೇಸಿನ ಕೋಶದೊಳಗೆ, ಅಂದರೆ ಫೋಲ್ಡರಿನೊಳಗೆ, ಪಿಜಿ ವಾಲ್ ಎಂಬ ಉಪಕೋಶದಲ್ಲಿ 16 ಎಂಬಿಯ ಎಷ್ಟೋ ಫೈಲುಗಳಿರುತ್ತವೆ, ನೋಡಿದರೆ ಹಳೆಯ ಕಸದಂತೆ ಕಾಣುತ್ತವೆ. 10ನೆಯ ಆವೃತ್ತಿಗಿಂತ ಮೊದಲು ಆ ಕೋಶದ ಹೆಸರು ಪಿಜಿ ಎಕ್ಸ್‌ಲಾಗ್ ಎಂದಿತ್ತು. ಲಾಗ್ ಎಂಬ ಮಾತನ್ನು ನೋಡಿ ಬೇಡದ ದಾಖಲೆಯೆಂದು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರಿದ್ದುದರಿಂದ 2017ರಲ್ಲಿ ಹೆಸರನ್ನೇ ಬದಲಿಸಿದರು.

ಏನನ್ನೂ ಮುಟ್ಟುವ ಮೊದಲು ಬ್ಯಾಕಪ್ಪನ್ನು ನೋಡಿಕೊಳ್ಳೋಣ ಎಂದು ಹೊರಗಿನ ಹಾರ್ಡ್‌ಡಿಸ್ಕನ್ನು ತೆರೆದೆ. 30 ದಿನಗಳ 30 ಫೈಲುಗಳು ದಿನಾಂಕದ ಸಾಲಿನಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು. ಒಂದೊಂದರ ಗಾತ್ರ 20 ಬೈಟು.

20 ಬೈಟು ಎಂದರೆ ಏನೂ ಇಲ್ಲದ್ದನ್ನು ಜಿಜಿಪ್ ಎಂಬ, ಫೈಲು ಕುಗ್ಗಿಸುವ ಪ್ರೋಗ್ರಾಮಿಗೆ ಕೊಟ್ಟರೆ ಉಳಿಯುವ ಬರಿಯ ಹೊದಿಕೆ. ಫ್ಯಾನಿನ ಕೆಳಗೆ ಕುಳಿತಿದ್ದರೂ ನನ್ನ ಅಂಗಿ ಬೆನ್ನಿಗೆ ಅಂಟಿತು. ನಡೆದದ್ದು ನಂತರ ತಿಳಿಯಿತು. ಮಾರ್ಚ್ ಮೊದಲ ವಾರ ನಾನು ಡೇಟಾಬೇಸನ್ನು 14ನೆಯ ಆವೃತ್ತಿಯಿಂದ 16ಕ್ಕೆ ಏರಿಸಿದ್ದೆ. ಆದರೆ ಬ್ಯಾಕಪ್ಪನ್ನು ತೆಗೆಯುತ್ತಿದ್ದ ಪಿಜಿ ಡಂಪ್ ಎಂಬ ಪ್ರೋಗ್ರಾಮು ಉಬುಂಟುವಿನೊಂದಿಗೆ ಬಂದ 14ನೆಯದೇ ಆಗಿತ್ತು, ಮತ್ತು ತನಗಿಂತ ಹೊಸ ಆವೃತ್ತಿಯ ಡೇಟಾಬೇಸನ್ನು ಅದು ಇಳಿಸಿಕೊಡುವುದಿಲ್ಲ. ಅದು ಪ್ರತಿ ರಾತ್ರಿ ನಿರಾಕರಿಸುತ್ತಿತ್ತು. ಬ್ಯಾಕಪ್ಪಿನ ಆಜ್ಞೆಗಳನ್ನು ಬರೆದಿಟ್ಟ ನನ್ನ ಸ್ಕ್ರಿಪ್ಟಿನಲ್ಲಿ ಅದರ ಮುಂದೆ, ಒಂದು ಪ್ರೋಗ್ರಾಮು ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವ ಪೈಪಿನಿಂದ, ಜಿಜಿಪ್ಪನ್ನು ಜೋಡಿಸಲಾಗಿತ್ತು. ಪೈಪಿನ ಸಾಲಿನಲ್ಲಿ, ಆಜ್ಞೆಗಳನ್ನು ಓಡಿಸುವ ಶೆಲ್ ಗಮನಿಸುವುದು ಕೊನೆಯವನ ಫಲಿತಾಂಶವನ್ನು ಮಾತ್ರ, ಕೊನೆಯವನಾದ ಜಿಜಿಪ್ ಖಾಲಿಯನ್ನು ಯಶಸ್ವಿಯಾಗಿ ಸುತ್ತಿ ಕೊಟ್ಟಿತ್ತು, ಆದ್ದರಿಂದ ಸ್ಕ್ರಿಪ್ಟು ಪ್ರತಿ ರಾತ್ರಿ “ಬ್ಯಾಕಪ್ ಯಶಸ್ವಿ” ಎಂದು ಬರೆದಿಟ್ಟಿತ್ತು. ಪಿಜಿ ಡಂಪಿನ ದೂರನ್ನು, ಸ್ಕ್ರಿಪ್ಟನ್ನು ಪ್ರತಿ ರಾತ್ರಿ ಹೊತ್ತಿಗೆ ಸರಿಯಾಗಿ ಓಡಿಸುವ ಕ್ರಾನ್ ಎಂಬುದು ಮೇಲ್ ಮೂಲಕ ಕಳಿಸಲು ನೋಡಿ, ಈ ಯಂತ್ರದಲ್ಲಿ ಮೇಲ್ ಕಳಿಸುವ ವ್ಯವಸ್ಥೆಯೇ ಇಲ್ಲವೆಂದು ಎಸೆದುಬಿಟ್ಟಿತ್ತು. 30 ದಿನ ದಾಟಿದ ಫೈಲುಗಳನ್ನು ತೆಗೆದುಹಾಕುವ ಸಾಲನ್ನೂ ನಾನೇ ಬರೆದಿದ್ದೆ; ಆ ಸಾಲು ಒಂದೊಂದಾಗಿ ಒಳ್ಳೆಯ ಬ್ಯಾಕಪ್ಪುಗಳನ್ನೆಲ್ಲ ಅಳಿಸಿ, ಖಾಲಿಯವುಗಳನ್ನು ಜೋಪಾನ ಮಾಡಿತ್ತು. ಆವೃತ್ತಿ ಏರಿಸುವಾಗ ತೆಗೆದ ಡಂಪ್ ಒಂದು ಉಳಿದಿತ್ತಾದರೂ ಸುಗ್ಗಿಯ ಹೆಚ್ಚಿನ ಲೆಕ್ಕವೆಲ್ಲ ಅದರ ನಂತರದ್ದು.

ಮಾವನಿಗೆ ಫೋನು ಮಾಡಿ ನಿಜವನ್ನೇ ಹೇಳಿದೆ. ಅವರು ಬೈಯಲಿಲ್ಲ. “ನಿನ್ನ ಡಬ್ಬಿಯೊಳಗ ಕಿರ್ದಿ ಅನ್ನೂದು ಏನರ ಅದನೋ ಇಲ್ಲೋ?” ಎಂದು ಕೇಳಿದರು. ಅವರು ಸಾಫ್ಟ್‌ವೇರ್ ಬಂದ ಮೇಲೂ ದಿನದ ವ್ಯವಹಾರವನ್ನೆಲ್ಲ ಮೊದಲು ಕೆಂಪು ಬಟ್ಟೆಯ ಕಿರ್ದಿ ಎಂಬ ದಿನದ ಪುಸ್ತಕದಲ್ಲಿ ಬರೆದು, ಬಿಡುವಾದಾಗ ಒಬ್ಬೊಬ್ಬರ ಖಾತೆಯಿರುವ ಖತಾವಣಿಗೆ ಏರಿಸುವವರು. ಆ ಪ್ರಶ್ನೆಯಿಂದ ನನಗೆ ಧೈರ್ಯ ಬಂತು, ಏಕೆಂದರೆ ಪಿಜಿ ವಾಲ್ ಎಂಬುದು ಅಕ್ಷರಶಃ ಕಿರ್ದಿಯೇ. ಪೋಸ್ಟ್‌ಗ್ರೆಸ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಅಲ್ಲಿ ಬರೆದು, ಅದು ಡಿಸ್ಕಿಗೆ ಇಳಿದದ್ದನ್ನು ಖಚಿತ ಮಾಡಿಕೊಂಡು, ಆಮೇಲೆಯೇ ಆಯಿತು ಎನ್ನುತ್ತದೆ. ಟೇಬಲ್ಲುಗಳೆಂಬ ಖತಾವಣಿಗೆ ಅದನ್ನು ಪುರಸೊತ್ತಿನಲ್ಲಿ ಏರಿಸುತ್ತದೆ. ನಡುವೆ ನಿಂತುಹೋದರೆ, ಮತ್ತೆ ಎದ್ದಾಗ ಕಿರ್ದಿಯನ್ನು ಓದಿ ಖತಾವಣಿಯನ್ನು ಸರಿಪಡಿಸಿಕೊಳ್ಳುತ್ತದೆ. ಕಿರ್ದಿಯನ್ನು ಹರಿಯದಿದ್ದರೆ ಸಾಕು.

ಅವಸರ ಮಾಡಲಿಲ್ಲ. ಡೇಟಾಬೇಸ್ ನಿಂತಿದೆಯೆಂದು ಇನ್ನೊಮ್ಮೆ ಖಚಿತಪಡಿಸಿಕೊಂಡು, ಪಿಜಿ ವಾಲ್ ಸಮೇತ ಇಡೀ ಡೇಟಾ ಕೋಶವನ್ನು ಆರ್‌ಸಿಂಕ್ ಮೂಲಕ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ಓಡುತ್ತಿರುವ ಡೇಟಾಬೇಸಿನ ಕೋಶವನ್ನು ಹೀಗೆ ನಕಲು ಮಾಡಿದರೆ ಅದು ನಂಬಲರ್ಹವಲ್ಲ, ನಿಂತಾಗ ಮಾಡಿದರೆ ಸರಿಯಾದ ಪ್ರತಿಯೇ ಆಗುತ್ತದೆ. ನಂತರ ಸಂದೇಶದ ಪ್ರೋಗ್ರಾಮನ್ನು ನಿಲ್ಲಿಸಿ, ಲಾಗನ್ನು ಸೊನ್ನೆಗೆ ಇಳಿಸಿ, ಪೋಸ್ಟ್‌ಗ್ರೆಸನ್ನು ಎಬ್ಬಿಸಿದೆ. ಅದು ಕೆಲವು ಸೆಕೆಂಡುಗಳ ಕಾಲ ತನ್ನ ಕಿರ್ದಿಯನ್ನು ಓದಿ, ಸಂಪರ್ಕಗಳಿಗೆ ಸಿದ್ಧ ಎಂದಿತು. ಹಿಂದಿನ ಸಂಜೆ ಮಳೆಗೆ ಮೊದಲು ಮಾವ ಬರೆಸಿದ ಕೊನೆಯ ಬಾಕ್ಸಿನವರೆಗೂ ಎಲ್ಲವೂ ಇತ್ತು.

ಉಳಿದದ್ದನ್ನು ಆ ವಾರವೇ ಮುಗಿಸಿದೆ. ಡಾಕರ್ ಲಾಗಿಗೆ ಗಾತ್ರದ ಮಿತಿ ಹಾಕಿದೆ. ಈ ಮಿತಿ ಆಮೇಲೆ ಸೃಷ್ಟಿಸಿದ ಕಂಟೇನರುಗಳಿಗೆ ಮಾತ್ರ ಅನ್ವಯವಾಗುವುದರಿಂದ ಹಳೆಯವನ್ನೆಲ್ಲ ಹೊಸದಾಗಿ ಸೃಷ್ಟಿಸಬೇಕಾಯಿತು. ಸಂದೇಶದ ಪ್ರೋಗ್ರಾಮು ಈಗ ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ ಹೋಗುತ್ತದೆ. ಬ್ಯಾಕಪ್ ಸ್ಕ್ರಿಪ್ಟಿನ ತಲೆಯಲ್ಲಿ, ಪೈಪಿನ ಸಾಲಿನಲ್ಲಿ ಯಾರು ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಬಂದಿತು, ಪಿಜಿ ಡಂಪನ್ನು ಡೇಟಾಬೇಸಿನ ಕಂಟೇನರಿನೊಳಗಿನಿಂದಲೇ ಓಡಿಸುವುದರಿಂದ ಆವೃತ್ತಿಗಳು ಬೇರೆಯಾಗುವ ಪ್ರಶ್ನೆಯಿಲ್ಲ, ಹಳೆಯದನ್ನು ಅಳಿಸುವುದು ಹೊಸದು ಪರೀಕ್ಷೆಯಲ್ಲಿ ಗೆದ್ದ ಮೇಲೆ ಮಾತ್ರ.

ಪರೀಕ್ಷೆಯ ರೂಪ ಮಾವನದು. ಆ ಭಾನುವಾರ ತಿಕೋಟಾಕ್ಕೆ ಹೋದಾಗ ಅವರು, “ನಾ ದಿನಾ ಸಂಜಿಕ ಕೀಲಿ ಹಾಕೂಕಿಂತ ಮೊದಲ ಶಿಲ್ಕು ತಾಳೆ ನೋಡ್ತೀನಿ. ನೀ ನೋಡ್ತಿದ್ದಿಲ್ಲೇನು?” ಎಂದರು. ಫೈಲು ಇದೆಯೇ, ಗಾತ್ರ ಎಷ್ಟು ಎಂದು ನೋಡುವುದು ಪೆಟ್ಟಿಗೆಯ ಹೊರಗಿನಿಂದ ಹಣ ಎಣಿಸಿದಂತೆ. ಈಗ ಪ್ರತಿ ರಾತ್ರಿ ಬ್ಯಾಕಪ್ಪನ್ನು ಬೇರೊಂದು ಖಾಲಿ ಡೇಟಾಬೇಸಿನಲ್ಲಿ ಬಿಚ್ಚಿ, ಅದರೊಳಗಿನ ಬಾಕ್ಸುಗಳ ಒಟ್ಟು ಸಂಖ್ಯೆಯನ್ನೂ ಮುಂಗಡದ ಒಟ್ಟು ಮೊತ್ತವನ್ನೂ ಅಸಲಿನೊಂದಿಗೆ ಹೋಲಿಸಿ, ಎರಡೂ ಅಂಕಿಗಳನ್ನು ನನ್ನ ಮತ್ತು ಮಾವನ ಮೊಬೈಲಿಗೆ ಕಳಿಸಲಾಗುತ್ತದೆ. ಸಂದೇಶ ಬರದ ರಾತ್ರಿಯೂ ಒಂದು ಸುದ್ದಿಯೇ ಎಂದು ಅವರಿಗೆ ಹೇಳಿಟ್ಟಿದ್ದೇನೆ.

ಸರ್ವರೂ ಬ್ಯಾಕಪ್ಪೂ ಒಂದೇ ಮನೆಯಲ್ಲಿದ್ದರೆ ಒಂದು ಸಿಡಿಲಿಗೆ ಎರಡೂ ಹೋಗಬಹುದು. ಆದ್ದರಿಂದ ಎನ್‌ಕ್ರಿಪ್ಟ್ ಮಾಡಿದ ಎರಡು ಡಿಸ್ಕುಗಳು ವಾರಕ್ಕೊಮ್ಮೆ ಅದಲುಬದಲಾಗುತ್ತವೆ. ಒಂದು ವಿಜಯಪುರದಲ್ಲಿ, ಇನ್ನೊಂದು ತಿಕೋಟಾದ ಗೋದಾಮಿನ ತಿಜೋರಿಯಲ್ಲಿ, ಆ ಕೆಂಪು ಬಟ್ಟೆಯ ಕಿರ್ದಿಯ ಮೇಲೆ. ಕಿರ್ದಿ ಬರೆಯುವುದನ್ನು ಇನ್ನು ಬಿಡಿ ಎಂದು ಮಾವನಿಗೆ ಹೇಳುವುದನ್ನು ನಾನು ನಿಲ್ಲಿಸಿದ್ದೇನೆ.