ಲಾಂಛನವಾಗದೆ ಉಳಿದ ಹಕ್ಕಿ

ನಮ್ಮ ಬಯಲುಸೀಮೆಯಲ್ಲಿ ಎರೆಭೂತ ಎಂದು ಕರೆಸಿಕೊಳ್ಳುತ್ತಿದ್ದ ಹಕ್ಕಿಯೊಂದು 1960ರ ದಶಕದ ಆರಂಭದಲ್ಲಿ ಭಾರತದ ರಾಷ್ಟ್ರಪಕ್ಷಿಯಾಗುವ ಹೊಸ್ತಿಲವರೆಗೆ ಬಂದು ಹಿಂದಿರುಗಿತು. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಗಂಡಾದರೆ ಹದಿನೈದು ಕಿಲೋದವರೆಗೂ ತೂಗಬಲ್ಲ ಈ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹುಲ್ಲುಗಾವಲನ್ನೂ ಎರೆಹೊಲವನ್ನೂ ನಂಬಿ ಬದುಕುವ ಜೀವಿ. ಪಕ್ಷಿತಜ್ಞ ಸಲೀಂ ಅಲಿ ಅದರ ಪರವಾಗಿ ವಾದಿಸಿದ್ದರು. ಕಣ್ಮರೆಯಾಗುತ್ತಿರುವ ಹಕ್ಕಿಗೆ ರಾಷ್ಟ್ರದ ಗೌರವ ದೊರೆತರೆ ಅದನ್ನು ಕಾಪಾಡುವ ಹೊಣೆಯೂ ರಾಷ್ಟ್ರದ ಮೇಲೆ ಬೀಳುತ್ತದೆ ಎಂಬುದು ಅವರ ಆಲೋಚನೆಯಾಗಿತ್ತು. ಆದರೆ 1963ರಲ್ಲಿ ಪಟ್ಟ ಸಿಕ್ಕಿದ್ದು ನವಿಲಿಗೆ. ಎರೆಭೂತದ ಇಂಗ್ಲಿಷ್ ಹೆಸರಿನ ಒಂದಕ್ಷರ ಅಚ್ಚಿನಲ್ಲಿ ತಪ್ಪಿದರೂ ಅದು ಬೈಗುಳವಾಗಿಬಿಡುತ್ತದೆ ಎಂಬ ಅಂಜಿಕೆ ಸಮಿತಿಯವರಿಗಿತ್ತು ಎಂಬ ಕಥೆಯನ್ನು ಪಕ್ಷಿಪ್ರಿಯರು ಇಂದಿಗೂ ನಗುತ್ತ ಹೇಳುತ್ತಾರೆ.

ಆ ಕಥೆ ಎಷ್ಟೇ ರಂಜಕವಾಗಿರಲಿ, ನವಿಲು ಗೆದ್ದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ದೇಶದ ಮೂಲೆಮೂಲೆಯ ಜನರಿಗೆ ಅದರ ಗುರುತಿದೆ, ಪುರಾಣದಲ್ಲಿ ಷಣ್ಮುಖನ ವಾಹನವಾಗಿ, ಕೃಷ್ಣನ ಮುಡಿಯ ಗರಿಯಾಗಿ ಅದಕ್ಕೆ ಸ್ಥಾನವಿದೆ, ಚಿತ್ರಕಲೆ ನೇಯ್ಗೆಗಳಲ್ಲಿ ಅದು ಸಾವಿರಾರು ವರ್ಷಗಳಿಂದ ಕುಣಿಯುತ್ತಿದೆ. ರಾಷ್ಟ್ರಲಾಂಛನವನ್ನು ಆರಿಸುವವರು ಸಾಮಾನ್ಯವಾಗಿ ಎಲ್ಲರಿಗೂ ಮೊದಲೇ ಪರಿಚಿತವಾದುದನ್ನೇ ಆರಿಸುತ್ತಾರೆ. ಎಲ್ಲರೂ ಇನ್ನು ಮುಂದೆ ಪರಿಚಯ ಮಾಡಿಕೊಳ್ಳಬೇಕಾದುದನ್ನು ಆರಿಸುವ ಧೈರ್ಯ ಬಹಳ ಅಪರೂಪ. ಇದರ ಫಲವನ್ನು ನಮ್ಮ ಜಿಲ್ಲೆಯಲ್ಲೇ ನೋಡಬಹುದು. ಚಿತ್ರದುರ್ಗದ ಜೋಗಿಮಟ್ಟಿಯ ಕಾಡಂಚಿನ ಹೊಲಗಳಿಗೆ ನವಿಲುಗಳು ಹಿಂಡಾಗಿ ಇಳಿದು ಕಾಳು ಹೆಕ್ಕುತ್ತವೆ, ರೈತರು ಗೊಣಗುತ್ತಲೇ ಸಹಿಸಿಕೊಳ್ಳುತ್ತಾರೆ. ಎರೆಭೂತವಾದರೋ ದಾವಣಗೆರೆಯಿಂದ ದೂರವಿಲ್ಲದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ಕಾಣಿಸಿಕೊಳ್ಳುತ್ತಿದ್ದದ್ದು ಈಗ ಅಲ್ಲಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದಲ್ಲಿ ಇವುಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ, ಅವುಗಳಲ್ಲೂ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ, ನೇರ ಮುಂದಕ್ಕೆ ನೋಡುವ ದೃಷ್ಟಿ ಸಾಲದೆ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವ ಹಕ್ಕಿಗೆ ಚೇತರಿಕೆ ಸುಲಭದ ಮಾತಲ್ಲ.

ರಾಷ್ಟ್ರಪಕ್ಷಿಯಾಗಿದ್ದರೆ ಅದು ಉಳಿಯುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಉಳಿಯುತ್ತಿತ್ತು ಎಂದೇ ನಾನು ವಾದಿಸುತ್ತೇನೆ, ಏಕೆಂದರೆ ಅದಾಗಿ ಒಂಬತ್ತು ವರ್ಷಗಳಲ್ಲೇ ನಮ್ಮ ದೇಶ ಅಂಥದೊಂದು ಪ್ರಯೋಗವನ್ನು ಮಾಡಿ ಗೆದ್ದಿತು. 1972ರವರೆಗೆ ಭಾರತದ ರಾಷ್ಟ್ರಪ್ರಾಣಿ ಸಿಂಹವಾಗಿತ್ತು ಎಂಬುದು ಇಂದಿನ ಅನೇಕರಿಗೆ ಗೊತ್ತಿಲ್ಲ. ಗುಜರಾತಿನ ಗಿರ್ ಕಾಡಿಗಷ್ಟೇ ಸೀಮಿತವಾಗಿದ್ದ ಸಿಂಹವನ್ನು ಇಳಿಸಿ, ಹಲವು ರಾಜ್ಯಗಳ ಕಾಡುಗಳಲ್ಲಿದ್ದೂ ಅಳಿವಿನತ್ತ ಸಾಗಿದ್ದ ಹುಲಿಯನ್ನು ಆ ಜಾಗಕ್ಕೆ ಏರಿಸಲಾಯಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಆರಂಭವಾಯಿತು, ನಮ್ಮ ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲೊಂದಾಯಿತು. 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 3,682 ಹುಲಿಗಳಿವೆ. ಬಿರುದಿನ ಬೆನ್ನಿಗೆ ಕಾಯ್ದೆ, ಹಣ, ಕಾವಲುಗಾರರು ಬಂದದ್ದರಿಂದ ಇದು ಸಾಧ್ಯವಾಯಿತು.

ಬರಿಯ ಬಿರುದಿನಿಂದ ಏನೂ ಆಗದು ಎಂಬುದಕ್ಕೆ ಆಸ್ಟ್ರೇಲಿಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಾಂಗರೂ ಮತ್ತು ಎಮು ಆ ದೇಶದ ರಾಜಮುದ್ರೆಯ ಗುರಾಣಿಯನ್ನು ಎರಡು ಬದಿಯಲ್ಲಿ ಹಿಡಿದು ನಿಂತಿವೆ. ಹಾಗೆ ನಿಂತಿದ್ದಾಗಲೇ, 1932ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಬೆಳೆಗಾರರ ದೂರಿನ ಮೇರೆಗೆ ಸರ್ಕಾರ ಸೈನಿಕರ ಕೈಗೆ ಮೆಷಿನ್ ಗನ್ ಕೊಟ್ಟು ಎಮುಗಳ ಮೇಲೆ ಕಳುಹಿಸಿತು. ಹಕ್ಕಿಗಳು ಚದುರಿ ಓಡಿದವು, ಸೈನ್ಯ ಅಂದುಕೊಂಡದ್ದನ್ನು ಸಾಧಿಸಲಾಗದೆ ಮರಳಿತು. ಕಾಂಗರೂ ಮಾಂಸ ಅಲ್ಲಿನ ಅಂಗಡಿಗಳಲ್ಲಿ ಇಂದಿಗೂ ರಾಜಾರೋಷವಾಗಿ ಮಾರಾಟವಾಗುತ್ತದೆ. ಅಮೆರಿಕದ ಬಿಳಿತಲೆಯ ಹದ್ದು 1782ರಿಂದಲೇ ಅಲ್ಲಿನ ಮಹಾಮುದ್ರೆಯಲ್ಲಿದ್ದರೂ ಕೀಟನಾಶಕ ಡಿಡಿಟಿಯಿಂದಾಗಿ ಅದರ ಮೊಟ್ಟೆಯ ಚಿಪ್ಪು ತೆಳುವಾಗಿ 1960ರ ದಶಕದ ಹೊತ್ತಿಗೆ ಅಳಿವಿನಂಚಿಗೆ ಬಂದಿತ್ತು. ಅದನ್ನು ಉಳಿಸಿದ್ದು 1972ರ ಡಿಡಿಟಿ ನಿಷೇಧ ಮತ್ತು ಸಂರಕ್ಷಣೆಯ ಕಾನೂನುಗಳು. ಕಾಗದದ ಮೇಲೆ ಅದು ಅಧಿಕೃತವಾಗಿ ರಾಷ್ಟ್ರಪಕ್ಷಿಯಾದದ್ದು 2024ರ ಡಿಸೆಂಬರಿನಲ್ಲಿ! ಮಾರಿಷಸ್ ತನ್ನ ಲಾಂಛನದಲ್ಲಿ ಡೋಡೊ ಹಕ್ಕಿಯನ್ನು ಇಟ್ಟುಕೊಂಡಿದೆ. ಆ ಹಕ್ಕಿ ಹದಿನೇಳನೆಯ ಶತಮಾನದಲ್ಲೇ ನಾಮಾವಶೇಷವಾಗಿದೆ.

ಇಲ್ಲದ ಪ್ರಾಣಿಗಳನ್ನು ಆರಿಸಿಕೊಂಡ ದೇಶಗಳಿಗೆ ಇಂಥ ಇಕ್ಕಟ್ಟಿಲ್ಲ. ಸ್ಕಾಟ್ಲೆಂಡಿನದು ಒಂಟಿಕೊಂಬಿನ ಕುದುರೆ, ಅದನ್ನು ಸರಪಳಿಯಲ್ಲಿ ಕಟ್ಟಿಯೇ ಚಿತ್ರಿಸುತ್ತಾರೆ. ವೇಲ್ಸ್‌ನ ಬಾವುಟದಲ್ಲಿ ಕೆಂಪು ಡ್ರ್ಯಾಗನ್ ಇದೆ. ನಮ್ಮ ಕರ್ನಾಟಕ ಸರ್ಕಾರದ ಲಾಂಛನದ ಗಂಡಭೇರುಂಡವೂ, ಅದರ ಇಕ್ಕೆಲದಲ್ಲಿ ನಿಂತ ಆನೆಮೊಗದ ಸಿಂಹಗಳೂ ಕಾಡಿನಲ್ಲಿ ಸಿಗುವಂಥವಲ್ಲ. ಇಂಡೋನೇಷ್ಯಾದ ಗರುಡ ಇವೆಲ್ಲಕ್ಕಿಂತ ಕುತೂಹಲದ ಸಂಗತಿ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ಆ ದೇಶ ವಿಷ್ಣುವಿನ ವಾಹನವನ್ನು 1950ರಲ್ಲಿ ತನ್ನ ಲಾಂಛನವಾಗಿ ಸ್ವೀಕರಿಸಿತು. ಒಂದೊಂದು ರೆಕ್ಕೆಯಲ್ಲಿ 17 ಗರಿ, ಬಾಲದಲ್ಲಿ 8, ಗುರಾಣಿಯ ಕೆಳಗೆ 19, ಕತ್ತಿನಲ್ಲಿ 45 ಗರಿಗಳನ್ನಿಟ್ಟು 17-8-1945 ಎಂಬ ಸ್ವಾತಂತ್ರ್ಯ ಘೋಷಣೆಯ ದಿನವನ್ನು ಹಕ್ಕಿಯ ಮೈಮೇಲೆಯೇ ಬರೆದಿದ್ದಾರೆ. ಗರುಡ ನಮ್ಮ ರಾಷ್ಟ್ರಕೂಟರ ಲಾಂಛನವೂ ಆಗಿತ್ತು. ಬಾದಾಮಿಯ ಚಾಲುಕ್ಯರಿಗೆ ವರಾಹ, ತಲಕಾಡಿನ ಗಂಗರಿಗೆ ಆನೆ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ತಮ್ಮ ಮೂಲಪುರುಷ ಮಯೂರಶರ್ಮನ ಶಾಸನವನ್ನು ಬಿಟ್ಟುಹೋದ ಕದಂಬರಿಗೆ ಸಿಂಹವೇ ಲಾಂಛನ, ಅವರ ಧ್ವಜದಲ್ಲಿದ್ದದ್ದು ಮಾತ್ರ ವಾನರ. ಧ್ವಜ ಬೇರೆ, ಲಾಂಛನ ಬೇರೆ ಎಂಬ ಭೇದವನ್ನು ನಮ್ಮ ಅರಸರು ಬಲು ಎಚ್ಚರದಿಂದ ಪಾಲಿಸುತ್ತಿದ್ದರು. ರಾಷ್ಟ್ರಪ್ರಾಣಿ ಬೇರೆ, ರಾಷ್ಟ್ರಲಾಂಛನ ಬೇರೆ ಎಂದು ಶಾಲೆಯ ಮಕ್ಕಳಿಗೆ ವಿವರಿಸಲು ಹೆಣಗುವ ಶಿಕ್ಷಕರಿಗೆ ಇದು ಉಪಯೋಗಕ್ಕೆ ಬಂದೀತು.

ಏಕೆಂದರೆ 1972ರಲ್ಲಿ ರಾಷ್ಟ್ರಪ್ರಾಣಿಯ ಪಟ್ಟದಿಂದ ಇಳಿದ ಸಿಂಹ ಲಾಂಛನದಿಂದ ಇಳಿಯಲಿಲ್ಲ. ಸಾರನಾಥದ ಅಶೋಕಸ್ತಂಭದ ಮೇಲಿದ್ದ ಸಿಂಹಬೋದಿಗೆಯನ್ನು 1950ರ ಜನವರಿ 26ರಂದು ಭಾರತ ತನ್ನದಾಗಿಸಿಕೊಂಡಿತು. ಮೂಲದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿವೆ, ನಾಣ್ಯದಲ್ಲಿ ನಮಗೆ ಕಾಣುವುದು ಮೂರೇ. ಅವುಗಳ ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ, ಎತ್ತು, ಸಿಂಹಗಳು ಚಕ್ರಗಳ ನಡುವೆ ನಡೆದಾಡುತ್ತಿದ್ದರೂ ಲಾಂಛನದ ಮುಂಭಾಗಕ್ಕೆ ಬಂದವು ಎತ್ತು ಮತ್ತು ಕುದುರೆ ಮಾತ್ರ. ಬುಡದಲ್ಲಿದ್ದ ಕಮಲವನ್ನು ಬಿಟ್ಟರು. ಎಲ್ಲಕ್ಕಿಂತ ದೊಡ್ಡ ನಷ್ಟ ಅದಕ್ಕೂ ಬಹಳ ಹಿಂದೆಯೇ ಆಗಿತ್ತು. ಆ ಸಿಂಹಗಳು ಮೂಲತಃ ಹೊತ್ತಿದ್ದದ್ದು ಒಂದು ದೊಡ್ಡ ಧರ್ಮಚಕ್ರವನ್ನು. ಅದು ಒಡೆದು ಚೂರಾಗಿ ಉತ್ಖನನದಲ್ಲಿ ತುಣುಕುಗಳಷ್ಟೇ ದೊರೆತವು. ಚಕ್ರವನ್ನು ಹೊರಲು ಕುಳಿತಿದ್ದ ಸಿಂಹಗಳು ಚಕ್ರವಿಲ್ಲದೆ ತಾವೇ ಶಿಖರವಾಗಿಬಿಟ್ಟವು. ಅಧಿಕಾರಕ್ಕಿಂತ ಧರ್ಮ ಮೇಲು ಎಂದು ಶಿಲ್ಪಿ ಹೇಳಿದ್ದು ಅಲ್ಲಿಗೆ ಅರ್ಧದಲ್ಲೇ ನಿಂತಿತು ಎಂದು ನನಗೆ ಅನ್ನಿಸುತ್ತದೆ.

ಅಶೋಕನ ಮಾತನ್ನು ಪೂರ್ತಿಯಾಗಿ ಓದಬೇಕೆಂದರೆ ನಮ್ಮ ಜಿಲ್ಲೆಯವರು ಸಾರನಾಥದವರೆಗೆ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅವನ ಕಿರು ಶಾಸನಗಳಿವೆ. ಶಾಸನತಜ್ಞ ಬಿ. ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಊರಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಗೆ ಕಳುಹಿಸಿದ ಈ ಆಜ್ಞೆಯ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಕೊರೆದಿದ್ದಾನೆ. ತಂದೆ ತಾಯಿಯರ ಮಾತು ಕೇಳಬೇಕು, ಗುರುಗಳನ್ನು ಗೌರವಿಸಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನೇ ನುಡಿಯಬೇಕು ಎಂದು ಅದು ಹೇಳುತ್ತದೆ. ಲಾಂಛನದ ಕೆಳಗಿನ ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನದು. ಆದರೂ ಸಿಂಹಗಳನ್ನು ಕೆತ್ತಿಸಿದ ಅರಸನೇ ಸತ್ಯವನ್ನು ಕುರಿತು ಹೇಳಿದ ಮಾತು ನಮ್ಮ ಬಂಡೆಯ ಮೇಲಿದೆ. ಇದೇ ಅರಸ ತನ್ನ ಮೊದಲನೆಯ ಬಂಡೆ ಶಾಸನದಲ್ಲಿ, ಅರಮನೆಯ ಅಡುಗೆಗೆ ಹಿಂದೆ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ದಿನಕ್ಕೆ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು ಒಪ್ಪಿಕೊಂಡಿದ್ದಾನೆ. ಇಂದಿನ ರಾಷ್ಟ್ರಪಕ್ಷಿ ಅಂದು ಪಾಟಲಿಪುತ್ರದ ಅಡುಗೆಮನೆಯಲ್ಲಿ ಕೊನೆಯವರೆಗೂ ಉಳಿದಿದ್ದ ಮಾಂಸವಾಗಿತ್ತು!

ವಸ್ತುಗಳ ವಿಷಯಕ್ಕೆ ಬಂದರೆ ಆಯ್ಕೆ ಇನ್ನೂ ಕಠಿಣ, ಏಕೆಂದರೆ ವಸ್ತುವಿನ ಹಿಂದೆ ಯಾವಾಗಲೂ ಒಂದು ಕೈ ಇರುತ್ತದೆ, ಒಂದು ಕಸುಬು ಇರುತ್ತದೆ. ಕಾಂಗ್ರೆಸ್ಸಿನ 1931ರ ಬಾವುಟದಲ್ಲಿ ಇದ್ದದ್ದು ಚರಕ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ರಾಷ್ಟ್ರಧ್ವಜದ ನಿರ್ಣಯವನ್ನು ಮಂಡಿಸಿದ ನೆಹರೂ, ಚರಕವಿದ್ದರೆ ಬಾವುಟದ ಎರಡು ಬದಿಯ ಚಿತ್ರ ಒಂದೇ ಆಗಿರುವುದಿಲ್ಲ ಎಂಬ ವ್ಯಾವಹಾರಿಕ ತೊಡಕನ್ನು ವಿವರಿಸಿ, ಚರಕದ ಗಾಲಿಯನ್ನು ಉಳಿಸಿ ಅದನ್ನು ಅಶೋಕನ ಚಕ್ರಕ್ಕೆ ಜೋಡಿಸಿದರು. ವಾದ ಸರಿಯಾಗಿಯೇ ಇದೆ. ಆದರೂ ಚರಕವಿಲ್ಲದ ಬಾವುಟ ಗಾಂಧೀಜಿಗೆ ಸಮಾಧಾನ ತರಲಿಲ್ಲ, ನನಗೂ ತಂದಿಲ್ಲ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಪಕ್ಕದಲ್ಲಿದ್ದು ಚರಕದ ಪರ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಆ ಗಿರಣಿಗಳೂ ಹೆಚ್ಚಿನವು ಮುಚ್ಚಿಹೋಗಿವೆ. ಚರಕ ಚಿತ್ರದಿಂದ ಹೊರಬಿದ್ದರೂ ಬಟ್ಟೆಯಲ್ಲಿ ಬಹುಕಾಲ ಉಳಿದಿತ್ತು. ಧ್ವಜವನ್ನು ಕೈನೂಲಿನ, ಕೈನೇಯ್ಗೆಯ ಬಟ್ಟೆಯಿಂದಲೇ ಮಾಡಬೇಕೆಂಬ ನಿಯಮವಿತ್ತು, ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರ ಅದಕ್ಕೆ ಹೆಸರುವಾಸಿ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಚರಕವನ್ನು ನಿಜವಾಗಿ ಕೈಬಿಟ್ಟದ್ದು ಆಗ.

ಐರ್ಲೆಂಡ್ ಆರಿಸಿಕೊಂಡದ್ದು ಹಾರ್ಪ್ ಎಂಬ ತಂತಿವಾದ್ಯವನ್ನು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಹಳೆಯ ವಾದ್ಯವೊಂದು ಅದಕ್ಕೆ ಮಾದರಿ. ಆದರೆ ಗಿನ್ನೆಸ್ ಎಂಬ ಬಿಯರ್ ತಯಾರಕರು 1876ರಲ್ಲೇ ಅದೇ ವಾದ್ಯವನ್ನು ತಮ್ಮ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಂಡಿದ್ದರು. 1922ರಲ್ಲಿ ಹುಟ್ಟಿದ ಹೊಸ ರಾಷ್ಟ್ರ ಗೊಂದಲವಾಗದಿರಲೆಂದು ವಾದ್ಯದ ಎಡಬಲವನ್ನು ತಿರುಗಿಸಿ ಬಳಸಬೇಕಾಯಿತು. ಮೊಜಾಂಬಿಕ್ ದೇಶದ ಬಾವುಟದಲ್ಲಿ ತೆರೆದ ಪುಸ್ತಕ ಮತ್ತು ಗುದ್ದಲಿಯ ಜೊತೆಗೆ ಎಕೆ-47 ಬಂದೂಕು ಇದೆ. ಅದನ್ನು ತೆಗೆದು ಹೊಸ ಬಾವುಟ ರೂಪಿಸಲೆಂದು 2005ರಲ್ಲಿ ಸ್ಪರ್ಧೆ ನಡೆದರೂ ಬಂದೂಕು ಹೋಗಲಿಲ್ಲ. ಮರುವರ್ಷವೇ ಲೆಸೋಥೊ ತನ್ನ ಬಾವುಟದಿಂದ ಗುರಾಣಿ, ಈಟಿಗಳನ್ನು ತೆಗೆದು ಜನ ತಲೆಗೆ ಧರಿಸುವ ಮೊಕೊರೊಟ್ಲೊ ಎಂಬ ಹುಲ್ಲಿನ ಟೋಪಿಯನ್ನು ಇಟ್ಟುಕೊಂಡಿತು. ಇವೆರಡರಲ್ಲಿ ನನಗೆ ಹಿಡಿಸುವುದು ಟೋಪಿಯೇ, ಆದರೂ ಬಂದೂಕಿನಿಂದ ಸ್ವಾತಂತ್ರ್ಯ ಪಡೆದವರ ಅಭಿಪ್ರಾಯವನ್ನು ಸುಲಭವಾಗಿ ತಳ್ಳಿಹಾಕಲಾರೆ.

ತಳ್ಳಿಹಾಕಲಾಗದಿರುವುದಕ್ಕೆ ನಾನು ಚಿತ್ರದುರ್ಗದವನಾಗಿರುವುದೂ ಒಂದು ಕಾರಣವಿರಬಹುದು. ನಮ್ಮ ಊರಿನ ಗುರುತಾಗಿರುವ ವಸ್ತು ಕೂಡ ಆಯುಧವಾಗಿ ಮಾರ್ಪಟ್ಟದ್ದೇ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವಾಗ ಕಾವಲುಗಾರನ ಹೆಂಡತಿ ಓಬವ್ವ ಒನಕೆಯಿಂದ ಬಡಿದು ಕೆಡವಿದ ಕಥೆಯನ್ನು ಇಲ್ಲಿ ಯಾರೂ ಪುಸ್ತಕದಿಂದ ಕಲಿಯಬೇಕಾಗಿಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಪ್ರತಿಮೆಗಳಲ್ಲಿ, ಸ್ವಾಗತ ಕಮಾನುಗಳಲ್ಲಿ, ಮಕ್ಕಳ ವೇಷಭೂಷಣ ಸ್ಪರ್ಧೆಗಳಲ್ಲಿ ಒನಕೆ ಯಾವಾಗಲೂ ಹೊಡೆಯಲು ಎತ್ತಿದ ಭಂಗಿಯಲ್ಲೇ ಇರುತ್ತದೆ. ಮದುವೆಯ ಶಾಸ್ತ್ರಗಳಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುವುದನ್ನು ಬಿಟ್ಟರೆ ಅದು ದಿನನಿತ್ಯ ಕುಟ್ಟುವುದನ್ನು ಕಂಡ ಮಕ್ಕಳು ಇಂದು ವಿರಳ. ಕೋಟೆ ನೋಡಲು ಬರುವ ಶಾಲಾ ಪ್ರವಾಸದ ಮಕ್ಕಳಿಗೆ ಕಿಂಡಿಯನ್ನು ತೋರಿಸಿ ಮುಂದೆ ಕರೆದೊಯ್ಯುವ ಬದಲು, ಸಮೀಪದಲ್ಲೇ ಒಂದು ಒರಳು, ಎರಡು ಒನಕೆ ಮತ್ತು ಒಂದಿಷ್ಟು ನವಣೆಯನ್ನು ಇಟ್ಟು ಕುಟ್ಟಲು ಬಿಡುವ ಏರ್ಪಾಡು ಮಾಡಿದರೆ ಒಳ್ಳೆಯದು. ಹತ್ತು ಏಟು ಹಾಕುವಷ್ಟರಲ್ಲಿ ತೋಳು ಸೋಲುತ್ತದೆ, ಅಷ್ಟು ಹೊತ್ತು ಅದನ್ನು ಎತ್ತಿ ಹೊಡೆದವಳ ತೋಳಿನ ಬಲ ಎಲ್ಲಿಂದ ಬಂತೆಂಬುದು ಆಗ ಅವರಿಗೆ ತಾನಾಗಿ ಗೊತ್ತಾಗುತ್ತದೆ.